ಗೋಧಿ ಹಿಟ್ಟು, ಬೆಲ್ಲ, ಹಣ್ಣು ಎಲ್ಲ ಹಾಕಿದರೂ ಮಫಿನ್ ಸೋಪಿನ ಹಾಗಾಯ್ತು. ಎಲ್ಲಿ ತಪ್ಪಿದೆ?

ಭಾಗ್ಯನಗರದ ಅಡುಗೆಮನೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಮಗನಿಗೆ ಬೇಸಿಗೆ ರಜೆ. ದಿನಾ ಸಂಜೆ ಬೇಕರಿ ಮಫಿನ್ ಬೇಕು ಅಂತ ಹಟ. ಅತ್ತೆಗೆ ಶುಗರ್ ಇದೆ. ನಾನು ಆ ಕಡೆ ತಿರುಗಿದರೆ ಸಾಕು, ಅವನ ತಟ್ಟೆಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಬ್ಬರಿಗೂ ಆಗುವಂಥದ್ದನ್ನು ಮನೆಯಲ್ಲೇ ಮಾಡೋಣ ಅಂತ, ದೀಪಾವಳಿಗೆ ತಂದು ಮೂಲೆಗೆ ಸೇರಿಸಿದ್ದ ಓಟಿಜಿಯನ್ನು (ಕರೆಂಟಿನ ಸಣ್ಣ ಓವನ್) ಒರೆಸಿ ಹೊರಗಿಟ್ಟೆ.

ಹಾಕಿದ್ದು ಇಷ್ಟು. 2 ಲೋಟ ಗೋಧಿ ಹಿಟ್ಟು, 1 ಲೋಟ ಪುಡಿ ಬೆಲ್ಲ ನೀರಲ್ಲಿ ಕರಗಿಸಿದ್ದು, 4 ಕಪ್ಪಾದ ಬಾಳೆಹಣ್ಣು, 1 ಲೋಟ ಮಾವಿನ ರಸ, 2 ಸಪೋಟ, ಅರ್ಧ ಲೋಟ ಎಣ್ಣೆ, 1 ಚಮಚ ಅಡುಗೆ ಸೋಡಾ. ಎಲ್ಲವನ್ನೂ ಮಿಕ್ಸಿಯಲ್ಲಿ ಒಟ್ಟಿಗೆ ತಿರುಗಿಸಿದೆ. 200 ಡಿಗ್ರಿ, ಅರ್ಧ ಗಂಟೆ. 12 ಆದವು.

ಮೇಲೆ ಕಾಫಿ ಬಣ್ಣ, ಕೆಳಗೆ ಹಲ್ವಾ, ಬಾಯಿಗಿಟ್ಟರೆ ಸೋಪು. ಮಗ ಒಂದು ಕಚ್ಚಿ "ಅಮ್ಮ, ಇದನ್ನ ತಿನ್ನಲೇಬೇಕಾ?" ಅಂದ. ಅತ್ತೆ ಮಾತ್ರ ಎರಡು ತಿಂದರು. "ಬೆಲ್ಲದ್ದು ತಾನೆ, ಏನಾಗಲ್ಲ" ಅಂದರು. ಈಗ ಅದು ಇನ್ನೊಂದು ಚಿಂತೆ. ಗೊತ್ತಿರುವವರು ಸ್ವಲ್ಪ ಹೇಳಿ.

ಕೌಲ್‌ಬಜಾರ್ ಒಲೆ (ಬಳ್ಳಾರಿ)

ಅಕ್ಕ, ನಾನು 6 ವರ್ಷ ಬೇಕರಿಯಲ್ಲಿ ಒಲೆ ಮುಂದೆ ನಿಂತವನು. ನಿಮ್ಮ ಪಟ್ಟಿ ನೋಡಿದ ಕೂಡಲೇ ಅರ್ಥವಾಯ್ತು.

ಸೋಪಿನ ರುಚಿ ಸೋಡಾದ್ದು. ಸೋಡಾಕ್ಕೆ ಹುಳಿ ಜೊತೆಯಾಗಬೇಕು, ಮೊಸರೋ ನಿಂಬೆಹುಳಿಯೋ ಏನಾದರೂ. ಹುಳಿ ಸಾಲದಿದ್ದರೆ ಉಳಿದ ಸೋಡಾ ಹಾಗೇ ನಾಲಿಗೆಗೆ ಬರುತ್ತದೆ. ಬಣ್ಣ ಬೇಗ ಕಪ್ಪಾಗುವುದಕ್ಕೂ ಅದೇ ಕಾರಣ. ಲೆಕ್ಕ ಹೀಗಿಟ್ಟುಕೊಳ್ಳಿ: 125 ಗ್ರಾಂ ಹಿಟ್ಟಿಗೆ ಸೋಡಾ ಆದರೆ ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಆದರೆ 1 ಟೀ ಚಮಚ. ಪೌಡರ್‌ನಲ್ಲಿ ಹುಳಿ ಮೊದಲೇ ಸೇರಿರುತ್ತದೆ, ಅದಕ್ಕೆ ಹೊಸಬರಿಗೆ ಅದೇ ಸಲೀಸು.

ಕೆಳಗಿನ ಹಲ್ವಾ ಹಣ್ಣಿನದ್ದು. ಬಾಳೆ, ಮಾವು, ಸಪೋಟ ಮೂರೂ ನೀರು. ಅದರ ಮೇಲೆ ಬೆಲ್ಲದ ನೀರು ಬೇರೆ. ನೀವು ಮಾಡಿದ್ದು ಮಫಿನ್ ಹಿಟ್ಟಲ್ಲ, ದಪ್ಪ ಮಿಲ್ಕ್‌ಶೇಕ್!

ಇನ್ನು ಮಿಕ್ಸಿ. ಗೋಧಿ ಹಿಟ್ಟನ್ನು ನೀರಲ್ಲಿ ತಿರುಗಿಸಿದಷ್ಟೂ ಜಿಗಿ ಬರುತ್ತದೆ. ಚಪಾತಿಗೆ ಅದು ಬೇಕು, ಇಲ್ಲಿ ಬೇಡ. ಒಣ ಪದಾರ್ಥ ಒಂದು ಪಾತ್ರೆ, ಹಸಿ ಪದಾರ್ಥ ಒಂದು ಪಾತ್ರೆ. ಕೊನೆಗೆ ಎರಡನ್ನೂ ಸೇರಿಸಿ ಸೌಟಿನಿಂದ ಹತ್ತು ಹನ್ನೆರಡು ಸಲ ಮಗುಚಿ ಬಿಟ್ಟುಬಿಡಿ. ಅಲ್ಲಲ್ಲಿ ಸಣ್ಣ ಗಂಟು ಉಳಿದರೆ ಉಳಿಯಲಿ.

ಬಿಸಿಲೂರು (ರಾಯಚೂರು)

ಓಟಿಜಿಯ ಮುಳ್ಳು 200 ತೋರಿಸಿದರೆ ಒಳಗೆ 200 ಇರುತ್ತದೆ ಅಂತ ನಂಬಬೇಡಿ. ನನ್ನದು 20 ಡಿಗ್ರಿ ಜಾಸ್ತಿ ಓಡುತ್ತದೆ. ಒಳಗಿಡುವ ಸಣ್ಣ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯ್ತು. ಮಫಿನ್‌ಗೆ 180 ಸಾಕು. ಮೊದಲು 15 ನಿಮಿಷ ಖಾಲಿ ಕಾಯಿಸಿ, ತಟ್ಟೆ ನಡುವಿನ ಅಂತಸ್ತಿನಲ್ಲಿರಲಿ, ಮೇಲಿನ ಕೆಳಗಿನ ಎರಡೂ ಕಾಯಿಲ್ ಆನ್ ಇರಲಿ. 18ನೇ ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿ.

ಇನ್ನೊಂದು ಮಾತು, ನಮ್ಮೂರ ಬಿಸಿಲಿಗೆ ಸಂಬಂಧಪಟ್ಟದ್ದು. ಇಲ್ಲಿ ಮೇ ತಿಂಗಳಲ್ಲಿ ಸೋಮವಾರ ತಂದ ಬಾಳೆಹಣ್ಣು ಬುಧವಾರಕ್ಕೆ ಕರಿ. ಎಲ್ಲರೂ ಎಸೆಯುತ್ತಾರೆ. ಮಫಿನ್‌ಗೆ ಬೇಕಾಗಿರುವುದೇ ಅದು. ಹಣ್ಣಾದಷ್ಟೂ ಪಿಷ್ಟ ಸಕ್ಕರೆಯಾಗುತ್ತದೆ, ಬೆಲ್ಲ ಕಡಿಮೆ ಹಿಡಿಯುತ್ತದೆ. ನಾನು ಸಿಪ್ಪೆ ತೆಗೆದು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡುತ್ತೇನೆ. ಕರಗಿದಾಗ ಬಿಡುವ ನೀರನ್ನು ಚೆಲ್ಲಬೇಡಿ, ತೂಕದಲ್ಲಿ ಸೇರಿಸಿಕೊಳ್ಳಿ.

ಭಾಗ್ಯನಗರದ ಅಡುಗೆಮನೆ (ಕೊಪ್ಪಳ)

ಮಿಲ್ಕ್‌ಶೇಕ್ ಅಂದಿದ್ದಕ್ಕೆ ಮನೆಯವರು ಬಿದ್ದು ಬಿದ್ದು ನಕ್ಕರು. ಪರವಾಗಿಲ್ಲ, ನಿಜ ತಾನೆ. ತೂಕ ಅಂತ ಎಲ್ಲರೂ ಹೇಳುತ್ತಿದ್ದೀರಿ. ಲೋಟದ ಅಳತೆ ಆಗುವುದಿಲ್ಲವಾ? ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಲೋಟದಲ್ಲೇ ಮಾಡುತ್ತೇನಲ್ಲ.

ಕೌಲ್‌ಬಜಾರ್ ಒಲೆ (ಬಳ್ಳಾರಿ)

ಉಪ್ಪಿಟ್ಟಿಗೆ ನೀರು ಜಾಸ್ತಿಯಾದರೆ ಇನ್ನೆರಡು ನಿಮಿಷ ಕೈಯಾಡಿಸುತ್ತೀರಿ, ಸರಿಹೋಗುತ್ತದೆ. ಓಟಿಜಿ ಬಾಗಿಲು ಮುಚ್ಚಿದ ಮೇಲೆ ಕೈಯಾಡಿಸಲು ಏನೂ ಉಳಿದಿರುವುದಿಲ್ಲ ಅಕ್ಕ. ಲೋಟಕ್ಕೆ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಬಾಳೆಹಣ್ಣಂತೂ 4 ಅಂದರೆ ಏನು ಹೇಳಿದ ಹಾಗಾಯ್ತು? ಏಲಕ್ಕಿ ಬಾಳೆ 4 ಒಂದು ಹಿಡಿಯೂ ಆಗುವುದಿಲ್ಲ. ಪಚ್ಚಬಾಳೆ 4 ಅರ್ಧ ಕೆಜಿ ದಾಟುತ್ತದೆ. ಸಣ್ಣ ಡಿಜಿಟಲ್ ತಕ್ಕಡಿ ಒಂದು ತಗೊಳ್ಳಿ.

ಸಕ್ಕರೆ ಲೆಕ್ಕ (ರಾಯಚೂರು)

ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮಫಿನ್ ಉಬ್ಬುವ ವಿಷಯ ಉಳಿದವರು ನೋಡಿಕೊಳ್ಳುತ್ತಾರೆ. ನನಗೆ ಚಿಂತೆಯಾಗಿದ್ದು ನಿಮ್ಮ ಅತ್ತೆಯ ಮಾತು. ವಾರಕ್ಕೆ ಹತ್ತು ಸಲ ಕೇಳುತ್ತೇನೆ ಇದನ್ನು.

ಬೆಲ್ಲವೂ ಬಹುಪಾಲು ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ ಬೆಲ್ಲದಲ್ಲಿ ಸುಮಾರು 380. ಸ್ವಲ್ಪ ಖನಿಜಾಂಶ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ರಕ್ತಕ್ಕೆ ಸೇರಿದ ಮೇಲೆ ಅದು ಬೆಲ್ಲದಿಂದ ಬಂದದ್ದೋ ಸಕ್ಕರೆಯಿಂದ ಬಂದದ್ದೋ ಅಂತ ಯಾರೂ ಕೇಳುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಶಕ್ತಿಯಲ್ಲಿ ಶೇ 10ರ ಒಳಗಿರಲಿ. ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು, ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಹಣ್ಣಿನ ಜ್ಯೂಸ್, ಜೇನು, ಬೆಲ್ಲ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣು ಬರುವುದಿಲ್ಲ. ನಿಮ್ಮ ಲೋಟದಲ್ಲಿ 200 ಗ್ರಾಂ ಬೆಲ್ಲ ಹಿಡಿದಿದೆ ಅಂತಿಟ್ಟುಕೊಂಡರೆ ಒಂದು ಮಫಿನ್‌ಗೆ 16 ಗ್ರಾಂ ಮೇಲೆ. ಅತ್ತೆ ಎರಡು ತಿಂದರು. ಲೆಕ್ಕ ಹಾಕಿ.

ಹಳೇ ಗಾಣ (ಕುಷ್ಟಗಿ)

ಮೇಡಂ, ನಮ್ಮ ಅಜ್ಜಿ ಬೆಲ್ಲ ತಿಂದೇ 90 ದಾಟಿದರು. ಈಗಿನವರು ಬೆಲ್ಲಕ್ಕೂ ಹೆದರಿಸುತ್ತೀರಿ.

ಸಕ್ಕರೆ ಲೆಕ್ಕ (ರಾಯಚೂರು)

ಅಣ್ಣ, ಅಜ್ಜಿ ತಿಂದದ್ದು ಬಿಸಿಲಿನಿಂದ ಬಂದವರಿಗೆ ತಂಬಿಗೆ ನೀರಿನ ಜೊತೆ ಕೊಡುವ ಒಂದು ಚೂರು ಬೆಲ್ಲ. ಆ ಚೂರಿಗೆ ನನ್ನ ತಕರಾರಿಲ್ಲ. ಕೂತಲ್ಲೇ ಎರಡು ಮಫಿನ್‌ನಲ್ಲಿ 30 ಗ್ರಾಂ ಹೋಗುತ್ತದಲ್ಲ, ಮಾತು ಅದರದ್ದು.

ಹಳೇ ಗಾಣ (ಕುಷ್ಟಗಿ)

ಸರಿ, ಒಪ್ಪಿದೆ. ಎಣ್ಣೆ ವಿಷಯದಲ್ಲಾದರೂ ನನ್ನ ಮಾತು ಕೇಳಿ. ಡಾಲ್ಡಾ ಹಾಕಬೇಡಿ, ಮಾರ್ಗರಿನ್ ಬೇಡ. ಎಣ್ಣೆಯನ್ನು ಹಾಗೆ ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು 2022ರ ಜನವರಿಯಿಂದ ಶೇ 2 ಮೀರಬಾರದು ಅಂತ ನಿಯಮ ಬಂದಿದೆ, ಆದರೂ ಮನೆಯಲ್ಲಿ ಎಣ್ಣೆ ಇರುವಾಗ ಅದು ಯಾಕೆ? ಗಾಣದ ಶೇಂಗಾ ಎಣ್ಣೆಯ ವಾಸನೆ ಜೋರು, ಬಾಳೆಹಣ್ಣಿಗೆ ಹೊಂದುತ್ತದೆ, ಮಾವಿಗೆ ಹೊಂದುವುದಿಲ್ಲ. ಮಾವು ಹಾಕಿದ ದಿನ ಸೂರ್ಯಕಾಂತಿ ಎಣ್ಣೆ ಹಾಕಿ.

ಸಿಂಧನೂರು ಕಾಲುವೆ

ಸೂರ್ಯಕಾಂತಿ ಅಂದಿರಿ, ನನ್ನ ಗಾಯ ಕೆದಕಿದಿರಿ.

ಹೋದ ತಿಂಗಳು ನಾನೂ 'ಆರೋಗ್ಯದ ಮಫಿನ್' ಮಾಡಿದೆ. ಮನೆಯಲ್ಲಿದ್ದ ಸೂರ್ಯಕಾಂತಿ ಬೀಜ ಸುಲಿದು, ಹುರಿದು, ಪುಡಿ ಮಾಡಿ ಹಿಟ್ಟಿಗೆ ಸೇರಿಸಿದೆ. ಬಿಸಿ ಇದ್ದಾಗ ಒಳ್ಳೇ ಬಣ್ಣ, ಘಮ. ಮಧ್ಯಾಹ್ನ ನಾದಿನಿ ಬಂದಳು. ಹೆಮ್ಮೆಯಿಂದ ಒಂದನ್ನು ಅವಳ ಮುಂದೆಯೇ ಮುರಿದರೆ ಒಳಗೆ ಹಸಿರು! ಸುಮ್ನೆ ಹಸಿರು ಛಾಯೆ ಅಲ್ಲ, ಕಾಲುವೆ ಕಲ್ಲಿನ ಮೇಲಿನ ಪಾಚಿಯ ಹಸಿರು. "ಅತ್ತಿಗೆ, ಬೂಸ್ಟು ಬಂದಿದೆ" ಅಂದಳು. ಬೆಳಿಗ್ಗೆ ಮಾಡಿದ್ದು ಅಂದರೂ ನಂಬಲಿಲ್ಲ. ಅಷ್ಟನ್ನೂ ಎಮ್ಮೆಗೆ ಹಾಕಿದೆ. ಎಮ್ಮೆ ಏನೂ ಅನ್ನಲಿಲ್ಲ.

ಸಕ್ಕರೆ ಲೆಕ್ಕ (ರಾಯಚೂರು)

ಅಯ್ಯೋ, ಎಸೆಯಬೇಕಾಗಿರಲಿಲ್ಲ. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲ ಅಂತ ಒಂದು ಅಂಶ ಇದೆ. ಅದು ಸೋಡಾದ ಕ್ಷಾರದ ಜೊತೆ ಸೇರಿದರೆ ಆರುತ್ತಾ ಆರುತ್ತಾ ಹಸಿರಾಗುತ್ತದೆ. ಬೂಸ್ಟಲ್ಲ, ತಿನ್ನಬಹುದು. ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಹಾಕಿ, ಒಂದು ಚಮಚ ನಿಂಬೆರಸ ಬೆರೆಸಿ. ಬೀಜವನ್ನು ಪುಡಿ ಮಾಡದೆ ಇಡಿಯಾಗಿ ಮೇಲೆ ಉದುರಿಸಿದರೂ ಆಗುತ್ತದೆ. ನೇರಳೆ ಹಣ್ಣೂ ಇದೇ ಆಟ ಆಡುತ್ತದೆ. ಹುಳಿ ಇದ್ದರೆ ಕೆಂಪು, ಸೋಡಾ ಜಾಸ್ತಿಯಾದರೆ ನೀಲಿ ಬೂದಿ.

ಸಿಂಧನೂರು ಕಾಲುವೆ

ಈ ಮೆಸೇಜನ್ನು ಹಾಗೇ ನಾದಿನಿಗೆ ಕಳಿಸಿದೆ.

ರೊಟ್ಟಿ ಬಡಿಯುವ ಕೈ (ಯಲಬುರ್ಗಾ)

ಭಾಗ್ಯನಗರದ ತಂಗಿ, ಗವಿಮಠದ ಜಾತ್ರೆಗೆ ವರ್ಷ ವರ್ಷ ರೊಟ್ಟಿ ಬಡಿದು ಕಳಿಸುವ ಸೀಮೆ ನಮ್ಮದು. ಮಫಿನ್‌ಗೆ ಸೋಲುವುದುಂಟಾ?

ಬರೀ ಗೋಧಿ ಯಾಕೆ, ಜೋಳದ ಹಿಟ್ಟೂ ಸ್ವಲ್ಪ ಸೇರಿಸು. ಆದರೆ ಜೋಳಕ್ಕೆ ಗೋಧಿಯ ಹಾಗೆ ಹಿಡಿಯುವ ಗುಣ ಇಲ್ಲ. ಒಣ ಹಿಟ್ಟು ಹಾಗೇ ಸುರಿದರೆ ಮಫಿನ್ ಪುಡಿಪುಡಿ, ಹಲ್ಲಿಗೆ ಮರಳು ಸಿಕ್ಕ ಹಾಗೆ. ನಾನೂ ಎರಡು ಸಲ ಹಾಳು ಮಾಡಿದೆ. ಮೂರನೇ ಸಲ ತಲೆಗೆ ಹೊಳೆಯಿತು: ರೊಟ್ಟಿಗೆ ಏನು ಮಾಡುತ್ತೇವೆ? ಎಸರು ಕುದಿಸಿ ಹಿಟ್ಟಿನ ಮೇಲೆ ಹಾಕುತ್ತೇವೆ. ಇಲ್ಲೂ ಅದೇ ಮಾಡಿದೆ.

60 ಗ್ರಾಂ ಜೋಳದ ಹಿಟ್ಟು, ಅದಕ್ಕೆ 1 ದೊಡ್ಡ ಚಮಚ ಅಗಸಿ ಪುಡಿ. ಚಟ್ನಿಪುಡಿ ಅಲ್ಲ ಮತ್ತೆ, ಬರೀ ಹುರಿದು ಪುಡಿ ಮಾಡಿದ ಅಗಸಿ. ಕುದಿಯುವ ನೀರು 60 ಎಂಎಲ್ ಹಾಕಿ, ಚಮಚದಿಂದ ಕಲಸಿ, 10 ನಿಮಿಷ ಮುಚ್ಚಿಡು. ಮುದ್ದೆಯಾಗುತ್ತದೆ. ಅಗಸಿ ಲೋಳೆ ಬಿಡುತ್ತದೆ, ಮೊಟ್ಟೆಯ ಕೆಲಸ ಅದೇ ಮಾಡುತ್ತದೆ. ಆ ಮುದ್ದೆಯನ್ನು ಬಾಳೆಹಣ್ಣಿನ ಜೊತೆ ಕೈಯಲ್ಲೇ ಕಿವುಚು. ಮಿಕ್ಸಿಯ ಹತ್ತಿರ ಹೋಗಬೇಡ.

ಹಿಟ್ಟು ಹೊಸದಿರಬೇಕು. ರೊಟ್ಟಿ ಹರಿಯುವಂಥ ಹಳೇ ಹಿಟ್ಟು ಇದಕ್ಕೂ ಬರುವುದಿಲ್ಲ.

ಕೌಲ್‌ಬಜಾರ್ ಒಲೆ (ಬಳ್ಳಾರಿ)

ಯಲಬುರ್ಗಾದ ಅಕ್ಕ, ಕೈ ಮುಗಿದೆ. 6 ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಇದರ ಮೇಲೆ ಒಂದು ಅಳತೆ ಕಟ್ಟುತ್ತೇನೆ, ಯಾರಾದರೂ ಮಾಡಿ ನೋಡಿ.

ಅಕ್ಕನ ಜೋಳ–ಅಗಸಿ ಮುದ್ದೆ. ಗೋಧಿ ಹಿಟ್ಟು 120 ಗ್ರಾಂ. ಕಿವುಚಿದ ಬಾಳೆಹಣ್ಣು 180 ಗ್ರಾಂ. ಮೊಸರು 60 ಗ್ರಾಂ, ಹುಳಿ ಇದ್ದರೆ ಒಳ್ಳೆಯದು. ಎಣ್ಣೆ 40 ಗ್ರಾಂ. ಪುಡಿ ಬೆಲ್ಲ 60 ಗ್ರಾಂ. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಒಂದು ಚಿಟಿಕೆ ಮಾತ್ರ, ಉಪ್ಪು ಚಿಟಿಕೆ, ಏಲಕ್ಕಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಸೌಟಿನಿಂದ ಸುರಿಯಬಾರದು, ತೊಪ್ಪನೆ ಬೀಳಬೇಕು. 10 ನಿಮಿಷ ಬಿಡಿ, ಗೋಧಿಯ ತೌಡು ನೀರು ಕುಡಿಯಲಿ. ಆಮೇಲೆ 10 ಅಚ್ಚಿಗೆ ಹಾಕಿ. ಅಚ್ಚು ಇಲ್ಲವಾ? ಸ್ಟೀಲ್ ಬಟ್ಟಲಿಗೆ ಎಣ್ಣೆ ಸವರಿ.

ಒಂದಕ್ಕೆ 6 ಗ್ರಾಂ ಬೆಲ್ಲ. ಮೇಡಂ, ಪಾಸಾ?

ಸಕ್ಕರೆ ಲೆಕ್ಕ (ರಾಯಚೂರು)

ಮಗನಿಗೆ ಪಾಸು. ಅತ್ತೆಯವರು ಅರ್ಧ ತಿನ್ನಲಿ, ಬರೀ ಹೊಟ್ಟೆಯಲ್ಲಿ ಬೇಡ, ಜೊತೆಗೆ ಒಂದು ಹಿಡಿ ಶೇಂಗಾ ಇರಲಿ. ಅವತ್ತಿನ ಚಹಾಕ್ಕೆ ಸಕ್ಕರೆ ಬೇಡ. ಹಿಟ್ಟು, ಬಾಳೆ ಎರಡೂ ಸಕ್ಕರೆ ಏರಿಸುವವೇ, ಮರೆಯಬಾರದು. ಮನೆಯಲ್ಲಿ ಗ್ಲುಕೊಮೀಟರ್ ಇದ್ದರೆ ತಿಂದು 2 ಗಂಟೆಗೆ ಒಮ್ಮೆ ನೋಡಿ, ಅವರ ಡಾಕ್ಟರಿಗೂ ತೋರಿಸಿ.

ಗಾಂಧಿನಗರ 3ನೇ ಕ್ರಾಸ್ (ಬಳ್ಳಾರಿ)

ಬೆಲ್ಲದ ಬದಲು ಅಂಜೂರ ಹಾಕಿದರೆ ಹೇಗೆ? ನಮ್ಮ ಬಳ್ಳಾರಿ ಕಡೆಯದ್ದೇ ಹಣ್ಣಲ್ವಾ. ಒಣ ಅಂಜೂರವನ್ನು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಿ ಹಾಕಿದ್ದೆ. ರುಚಿ ಸೂಪರ್. ಬೀಜ ಹಲ್ಲಿಗೆ ಕಿರ್ ಕಿರ್ ಅನ್ನುತ್ತದೆ, ಅದೂ ಚೆಂದ. ಜೊತೆಗೆ ಬೇಕರಿಯಿಂದ ತಂದ 'ಗೋಧಿ ಮಫಿನ್' ಇಟ್ಟು ಹೋಲಿಸಿದೆ. ಅದರ ಕವರ್ ತಿರುಗಿಸಿ ಓದಿದರೆ ಮೊದಲು ಬರೆದದ್ದು ಮೈದಾ, ಆಮೇಲೆ ಸಕ್ಕರೆ, ಗೋಧಿ ನಾಲ್ಕನೆಯದು.

ಸಕ್ಕರೆ ಲೆಕ್ಕ (ರಾಯಚೂರು)

ಕವರ್ ಓದಿದ್ದು ಒಳ್ಳೆಯದಾಯ್ತು. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಅಂಜೂರ ಹಾಕಿ, ನಾರು ಸಿಗುತ್ತದೆ. ಆದರೆ ಒಣ ಅಂಜೂರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಕ್ಕರೆಯೇ. ಖರ್ಜೂರದಲ್ಲಿ ಇನ್ನೂ ಜಾಸ್ತಿ. 'ಸಕ್ಕರೆ ಇಲ್ಲದ ಮಫಿನ್' ಅಂತ ಹೆಸರಿಟ್ಟು ನಾಲ್ಕು ತಿನ್ನಬೇಡಿ.

ಗಂಗಾವತಿ ಸುಗಂಧಿ

ಆನೆಗೊಂದಿ ಕಡೆಯ ಸುಗಂಧಿ ಬಾಳೆ ಸಿಕ್ಕರೆ ಅದನ್ನೇ ಹಾಕಿ, ಏಲಕ್ಕಿ ಪುಡಿಯೂ ಬೇಡ, ಹಣ್ಣೇ ಘಮಘಮ. ದಾಳಿಂಬೆ ಮಾತ್ರ ಹಿಟ್ಟಿಗೆ ಬೆರೆಸಬೇಡಿ. ಬೆಂದ ಮೇಲೆ ಕಾಳಿನ ರಸ ಹೋಗಿ ಬರೀ ಬೀಜ ಉಳಿಯುತ್ತದೆ. ತಿನ್ನುವಾಗ ಪಕ್ಕಕ್ಕೆ ಇಟ್ಟುಕೊಂಡರೆ ಸಾಕು. ಮಾವಿನ ಹೋಳು ಹಾಕುವುದಾದರೆ ಸಣ್ಣಗೆ ಕತ್ತರಿಸಿ, ಒಂದು ಚಮಚ ಒಣ ಹಿಟ್ಟಿನಲ್ಲಿ ಹೊರಳಿಸಿ. ಇಲ್ಲದಿದ್ದರೆ ತಳ ಸೇರುತ್ತವೆ.

ಭಾಗ್ಯನಗರದ ಅಡುಗೆಮನೆ (ಕೊಪ್ಪಳ)

ವರದಿ ತಂದಿದ್ದೇನೆ!

ತಕ್ಕಡಿ ಬಂತು. ಭಾನುವಾರ ಬೆಳಿಗ್ಗೆ ಬಳ್ಳಾರಿ ಅಣ್ಣನ ಅಳತೆ, ಯಲಬುರ್ಗಾ ಅಕ್ಕನ ಮುದ್ದೆ. ಅಚ್ಚು 6 ಮಾತ್ರ ಇತ್ತು. 6 ತುಂಬಿ ಒಳಗಿಟ್ಟೆ, ಉಳಿದ ಹಿಟ್ಟು ಪಾತ್ರೆಯಲ್ಲಿ. ಗಾಜಿನಲ್ಲಿ ನೋಡುತ್ತಾ ಕೂತೆ. 10 ನಿಮಿಷಕ್ಕೆ ಗುಮ್ಮಟದ ಹಾಗೆ ಎದ್ದವು. ಮಗನನ್ನು ಕರೆದೆ. 12ನೇ ನಿಮಿಷಕ್ಕೆ ಕರೆಂಟ್ ಹೋಯ್ತು.

ಬಾಗಿಲು ತೆಗೆಯದೆ ಕಾದೆ. ನನ್ನ ಕಣ್ಣ ಮುಂದೆಯೇ ಆರೂ ಮೆಲ್ಲಗೆ ಕುಸಿದವು. ಅಳು ಬಂತು, ಸುಳ್ಳು ಹೇಳುವುದಿಲ್ಲ. ಕರೆಂಟ್ ಬಂದಿದ್ದು ಮುಕ್ಕಾಲು ಗಂಟೆ ಆದಮೇಲೆ.

ಅಷ್ಟರಲ್ಲಿ ಅತ್ತೆ ಎದ್ದು ಹೋಗಿ ಮೇಲಿನ ಶೆಲ್ಫಿನಿಂದ ಪಡ್ಡಿನ ಹಂಚು ಇಳಿಸಿದರು. "ಹಿಟ್ಟು ಇಟ್ಟುಕೊಂಡು ಯಾಕೆ ಕೂತಿದ್ದಿ, ಗ್ಯಾಸ್ ಇದೆಯಲ್ಲ" ಅಂದರು. ಗುಳಿಗೆ ಎರಡೆರಡು ಹನಿ ಎಣ್ಣೆ, ಒಂದೊಂದು ಚಮಚ ಹಿಟ್ಟು. ಸಣ್ಣ ಉರಿ, ಮುಚ್ಚಳ, 5 ನಿಮಿಷ. ಕಡ್ಡಿಯಿಂದ ತಿರುವಿ ಇನ್ನೊಂದು 3 ನಿಮಿಷ. ಹೊರಗೆ ಕರುಂ, ಒಳಗೆ ಮೆತ್ತಗೆ ಜಾಲಿಜಾಲಿ. ಸೋಪಿಲ್ಲ, ಹಲ್ವಾ ಇಲ್ಲ. ಜೋಳ ಇದೆ ಅಂತ ಹೇಳಿದ ಮೇಲೂ ಮಗ ನಂಬಲಿಲ್ಲ, 5 ತಿಂದ.

ಒಂದೊಂದು 25 ಗ್ರಾಂ ಬರುತ್ತದೆ, ತೂಗಿ ನೋಡಿದೆ. ಬೆಲ್ಲ ಒಂದರಲ್ಲಿ ಎರಡೂವರೆ ಗ್ರಾಂ. ಅತ್ತೆಗೆ ದೊಡ್ಡದರಲ್ಲಿ ಅರ್ಧ ಮುರಿದು ಕೊಟ್ಟರೆ ಮುಖ ಸಣ್ಣ ಮಾಡುತ್ತಾರೆ. ಇದು ಇಡಿಯಾಗಿ ಒಂದು ತಟ್ಟೆಗೆ ಬಿತ್ತಲ್ಲ, ಖುಷಿ.

ಕುಸಿದ ಆರನ್ನು ಮರುದಿನ ತುಂಡು ಮಾಡಿ ಹಂಚಿನ ಮೇಲೆ ಗರಿಗರಿ ಮಾಡಿಕೊಂಡು ಚಹಾ ಜೊತೆ ತಿಂದೆವು.

ಬಿಸಿಲೂರು (ರಾಯಚೂರು)

ಉಳಿದದ್ದನ್ನು ಹೊರಗಿಡಬೇಡಿ. ಸಕ್ಕರೆ ಕಡಿಮೆ, ಹಣ್ಣು ಜಾಸ್ತಿ, ಈ ಸೆಕೆಗೆ ಎರಡನೇ ದಿನಕ್ಕೇ ನಿಜವಾದ ಬೂಸ್ಟು ಬರುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರೀಜರ್‌ಗೆ. ಬೇಕೆಂದಾಗ ಹಂಚಿನ ಮೇಲೆ ಮುಚ್ಚಿ ಬಿಸಿ ಮಾಡಿ.

ರೊಟ್ಟಿ ಬಡಿಯುವ ಕೈ (ಯಲಬುರ್ಗಾ)

ಅತ್ತೆಗೆ ನನ್ನ ನಮಸ್ಕಾರ ಹೇಳು. ಹಂಚು ಇಳಿಸಿದವರು ಅವರೇ ತಾನೆ.

ಭಾಗ್ಯನಗರದ ಅಡುಗೆಮನೆ (ಕೊಪ್ಪಳ)

ಹೇಳಿದೆ ಅಕ್ಕ. "ಹಾಗಾದರೆ ಇನ್ನೊಂದು ಕೊಡು" ಅಂದರು. ಕೊಡಲಿಲ್ಲ.

ನಾಳೆ ಮಾವಿನ ಮೇಳಕ್ಕೆ ಹೋಗುತ್ತಿದ್ದೇವೆ. ಕೇಸರ್ ಸಿಕ್ಕರೆ ತರುತ್ತೇನೆ. ಈ ಸಲ ರಸ ಅಲ್ಲ, ಹೋಳು. ಸೂರ್ಯಕಾಂತಿ ಬೀಜವೂ ಮೇಲೆ ಉದುರಿಸುತ್ತೇನೆ. ಹೇಗೇ ಬಂದರೂ ಫೋಟೊ ಹಾಕುತ್ತೇನೆ, ಹಸಿರಾದರೂ ಸರಿ.

ಸಿಂಧನೂರು ಕಾಲುವೆ

ಹಸಿರಾಗಲಿ ಅಂತ ಒಳಗೊಳಗೇ ಆಸೆ ಇದೆ. ನಾದಿನಿಗೆ ತೋರಿಸಲಿಕ್ಕೆ.